ಅರಳೆಯ ಎಳೆ

ನಮ್ಮ ಕಡೆಯ ಎರೆ ಭೂಮಿಯ ಮನೆಗಳಲ್ಲಿ ಹತ್ತಿಯೆಂಬುದು ಬರಿಯ ಬೆಳೆಯಲ್ಲ. ಅದು ದೇವರ ಮುಂದಿನ ಬತ್ತಿ, ಬಾಣಂತಿಯ ಹಾಸಿಗೆ, ಮದುವೆಯ ಜಮಖಾನೆ, ಸಾಲಗಾರನಿಗೆ ಕೊಟ್ಟ ವಾಯಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಗಳಲ್ಲಿ ಹುಟ್ಟಿ ಬೆಳೆದವರಿಗೆ ಅರಳೆಯನ್ನು ಬೆರಳಿನಿಂದ ಹಿಂಜಿ ನೋಡಿ ಅದರ ಗುಣವನ್ನು ಹೇಳುವುದು ಯಾರೂ ಕಲಿಸಿದ ವಿದ್ಯೆಯಲ್ಲ. ನೋಡುತ್ತ ನೋಡುತ್ತ ಬಂದ ಬುದ್ಧಿ. ಆದರೆ ಆ ಎಳೆಯೆಂದರೆ ಏನು, ಅದನ್ನು ಯಾರು ನೂತರು, ಎಂಬ ಪ್ರಶ್ನೆಯು ಬೇಸಾಯದ ಮಾತುಕತೆಯಲ್ಲಿ ಏಳುವುದು ವಿರಳ. ಆ ಪ್ರಶ್ನೆಯನ್ನು ಈ ಹೊತ್ತು ಓದುಗರ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ.

ಉತ್ತರವು ಸಣ್ಣದು, ಆದರೆ ಸೋಜಿಗದ್ದು. ಅರಳೆಯ ಒಂದು ಎಳೆಯೆಂದರೆ ಒಂದೇ ಒಂದು ಜೀವಕೋಶ. ನಮ್ಮ ಮೈಯೂ ಗಿಡಗಳ ಮೈಯೂ ಕೋಟಿ ಕೋಟಿ ಜೀವಕೋಶಗಳಿಂದ ಆದವು. ಅವುಗಳಲ್ಲಿ ಬಹುತೇಕ ಕೋಶಗಳು ಬರಿಗಣ್ಣಿಗೆ ಕಾಣವು. ಆದರೆ ಹತ್ತಿಬೀಜದ ಸಿಪ್ಪೆಯ ಮೇಲಿನ ಕೆಲವು ಕೋಶಗಳು ಹೂವು ಅರಳುವ ದಿನದಿಂದಲೇ ಗುಳ್ಳೆಯಂತೆ ಉಬ್ಬಿ, ನೀಳವಾಗಿ ಬೆಳೆಯತೊಡಗುತ್ತವೆ. ನಮ್ಮ ನಾಡಹತ್ತಿಯಲ್ಲಿ ಅವು ಅಂಗುಲಕ್ಕೆ ತುಸು ಕಡಿಮೆ ಉದ್ದಕ್ಕೆ ಬೆಳೆಯುವುವು. ಅಗಲವಾದರೋ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು ಮಾತ್ರ. ಒಂದು ಬೀಜದ ಮೇಲೆ ಇಂಥ ಎಳೆಗಳು ಸಾವಿರಾರು. ಆದುದರಿಂದ ಜೀವಕೋಶವನ್ನು ನೋಡಿಲ್ಲವೆಂದು ನಮ್ಮ ಸೀಮೆಯ ಒಕ್ಕಲಿಗನು ಹೇಳುವಂತಿಲ್ಲ. ಅವನು ಅದನ್ನು ಗಾಡಿಗಟ್ಟಲೆ ಹೇರಿದ್ದಾನೆ.

ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ಪಂಡಿತನು ೧೬೬೫ರಲ್ಲಿ ಬೆಂಡಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಸಾಲುಗೋಣೆಗಳಂತಿದ್ದ ಗೂಡುಗಳನ್ನು ಕಂಡು, ಅವಕ್ಕೆ ಕೋಣೆಯೆಂಬ ಅರ್ಥದ ಹೆಸರನ್ನಿಟ್ಟನು. ಅವನು ಕಂಡುದು ಜೀವವು ಬಿಟ್ಟುಹೋದ ಬರಿಯ ಗೋಡೆಗಳು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವನ್‌ಹುಕ್ ೧೬೭೪ರ ಸುಮಾರಿಗೆ ತಾನೇ ಸಾಣೆಹಿಡಿದ ಮಸೂರದಿಂದ ಕೆರೆಯ ನೀರಿನಲ್ಲಿ ಅಲೆದಾಡುವ ಜೀವಾಣುಗಳನ್ನು ಕಂಡನು. ೧೮೩೧ರಲ್ಲಿ ರಾಬರ್ಟ್ ಬ್ರೌನನು ಕೋಶದ ನಡುವಿನ ಗುಂಡನೆಯ ಕೇಂದ್ರಕ್ಕೆ ಹೆಸರಿಟ್ಟನು. ಗಿಡಗಳೂ ಪ್ರಾಣಿಗಳೂ ಕೋಶಗಳಿಂದಲೇ ಆದವೆಂಬ ಸಿದ್ಧಾಂತವನ್ನು ೧೮೩೮-೩೯ರಲ್ಲಿ ಶ್ಲೈಡನ್, ಶ್ವಾನ್ ಎಂಬ ಇಬ್ಬರು ಜರ್ಮನ್ ಪಂಡಿತರು ಮಂಡಿಸಿದರು.

ಕೋಶದ ಒಳಗಿನ ಏರ್ಪಾಡನ್ನು ತಿಳಿಯಲು ನಮ್ಮ ಹಳ್ಳಿಯ ತುಂಬಿದ ಮನೆಯನ್ನೇ ನೆನೆದರೆ ಸಾಕು. ಹೊರಗೆ ಗೋಡೆಯುಂಟು, ಅದು ಕೋಶಭಿತ್ತಿ. ಗೋಡೆಗೆ ತಾಗಿ ತೆಳುವಾದ ಪೊರೆಯುಂಟು; ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ಬಾಗಿಲು ಕಾಯುವವನಂತೆ ಅದು ನೋಡಿಕೊಳ್ಳುವುದು. ನಡುಮನೆಯಲ್ಲಿ ಹಿರಿಯರ ದಪ್ತರವಿದ್ದಂತೆ ಕೋಶಕೇಂದ್ರವಿದೆ. ವಂಶದ ಗುಣಗಳೆಲ್ಲ ಅದರೊಳಗಿನ ವರ್ಣತಂತುಗಳಲ್ಲಿ ಬರೆದಿರುವುವು. ಆ ಬರೆಹದ ನಕಲನ್ನು ಓದಿ ಬೇಕಾದ ಸಸಾರಜನಕ ವಸ್ತುಗಳನ್ನು ಕಟ್ಟಿಕೊಡುವ ಆಳುಗಳು ರೈಬೋಸೋಮುಗಳು. ಸಿದ್ಧವಾದ ಸರಕನ್ನು ಕಟ್ಟಿ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಕಳಿಸುವ ಪಡಸಾಲೆ ಗಾಲ್ಗಿ ಎಂಬ ಭಾಗ. ಸಕ್ಕರೆಯ ಅಂಶವನ್ನು ಉರಿಸಿ ಎಲ್ಲರ ದುಡಿಮೆಗೂ ಕಸುವನ್ನೊದಗಿಸುವ ಒಲೆಗಳು ಮೈಟೊಕಾಂಡ್ರಿಯಗಳು. ಇನ್ನು ಮನೆಯ ಬಹುಪಾಲು ಜಾಗವನ್ನು ಆಕ್ರಮಿಸಿ ಕುಳಿತ ನೀರಿನ ಹಂಡೆಯೊಂದುಂಟು, ಅದೇ ರಸದಾನಿ.

ಎಳೆಯು ಉದ್ದವಾಗುವುದು ಈ ಹಂಡೆಯ ಬಲದಿಂದ. ರಸದಾನಿಯಲ್ಲಿ ಲವಣಾಂಶಗಳು ಕೂಡಿದಂತೆ ನೀರು ಒಳನುಗ್ಗಿ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ಗೋಡೆಯು ಇನ್ನೂ ತೆಳುವಾಗಿರುವುದರಿಂದ ಜಗ್ಗುತ್ತದೆ. ಸುಮಾರು ಮೂರು ವಾರ ಹೀಗೆ ನಡೆದ ಮೇಲೆ ಉದ್ದದ ಕೆಲಸವು ನಿಂತು ದಪ್ಪದ ಕೆಲಸವು ಮೊದಲಾಗುತ್ತದೆ. ಪೊರೆಯಲ್ಲಿರುವ ಸಣ್ಣ ಯಂತ್ರಗಳು, ಎಲೆಯ ಹಸಿರುಕಣಗಳು ಬಿಸಿಲಿನಲ್ಲಿ ಮಾಡಿ ಕಳಿಸಿದ ಸಕ್ಕರೆಯನ್ನು ಹೆಣೆದು ಸೆಲ್ಯುಲೋಸ್ ಎಂಬ ನಾರನ್ನಾಗಿಸಿ, ಗೋಡೆಯ ಒಳಮೈಗೆ ಸುರುಳಿ ಸುರುಳಿಯಾಗಿ ಬಳಿಯುತ್ತವೆ. ಹೆಣ್ಣುಮಕ್ಕಳು ದಿನವೂ ನೆಲ ಸಾರಿಸಿದಂತೆ ಇಲ್ಲಿಯೂ ದಿನಕ್ಕೊಂದು ಪದರ. ಬಾಲ್ಸ್ ಎಂಬ ವಿಜ್ಞಾನಿಯು ೧೯೧೯ರಲ್ಲಿ ಈ ದಿನದ ಬಳೆಗಳನ್ನು ಎಳೆಯ ಗೋಡೆಯಲ್ಲಿ ಎಣಿಸಿ ತೋರಿಸಿದನು. ಹಗಲು ರಾತ್ರಿಗಳ ಲೆಕ್ಕವನ್ನು ಹತ್ತಿಯು ತನ್ನ ಮೈಯಲ್ಲೇ ಬರೆದಿಟ್ಟುಕೊಳ್ಳುವುದೆಂದಾಯಿತು.

ಈ ಮಾತು ನಮ್ಮ ಮನೆಯ ಗಂಜಿಗೆ ಸಂಬಂಧಿಸಿದುದೆಂಬುದು ಒಂದು ವರ್ಷ ಚೆನ್ನಾಗಿ ಮನಗಂಡಿತು. ಆ ಸಲ ಹಿಂಗಾರಿ ಮಳೆ ನಡುವೆಯೇ ಕೈಬಿಟ್ಟಿತು. ಗಿಡದ ಎಲೆ ಮುದುಡಿ ಉದುರಿತು. ಕಾಯಿಗಳು ಹೊತ್ತಿಗೆ ಮುಂಚೆ ಬಿರಿದವು. ಕಂಡವರಿಗೆ ಹೊಲವು ಬೆಳ್ಳಗೆ ಕಂಡಿತು. ಬಿಡಿಸಿ ತಂದ ಹೊರೆಗಳೂ ಕಡಿಮೆಯೇನಲ್ಲ. ಆದರೆ ಕೊಳ್ಳಲು ಬಂದವನು ಒಂದು ಹಿಡಿ ಅರಳೆ ಹಿಂಜಿ, ಬಲಿತಿಲ್ಲವೆಂದು ಒಂದೇ ಮಾತು ಹೇಳಿ ಬೆಲೆಯನ್ನು ಇಳಿಸಿದನು. ಮನೆಯ ಹಿರಿಯರು ಅಂದು ಊಟಕ್ಕೆ ಏಳಲಿಲ್ಲ. ಉದ್ದವಿದ್ದೂ ಬಲಿಯದ ಹತ್ತಿಯೆಂದರೆ ಏನೆಂದು ಮಕ್ಕಳು ಕೇಳಿದ ಪ್ರಶ್ನೆಗೆ ಕೊಂಡವನಲ್ಲಿ ಉತ್ತರವಿರಲಿಲ್ಲ. ಉತ್ತರವು ಕೋಶಭಿತ್ತಿಯಲ್ಲಿತ್ತು. ಉದ್ದಕ್ಕೆ ಬೇಕಾದ ಮೂರು ವಾರಗಳು ಸಂದಿದ್ದವು. ದಪ್ಪಕ್ಕೆ ಬೇಕಾದ ಮುಂದಿನ ವಾರಗಳು ಸಲ್ಲಲಿಲ್ಲ. ಎಲೆ ಹೋದ ಮೇಲೆ ಸಕ್ಕರೆ ಎಲ್ಲಿಯದು? ಸಕ್ಕರೆಯಿಲ್ಲದೆ ಪದರವೆಲ್ಲಿಯದು?

ಬಲಿತ ಎಳೆಯ ಗುಣವೇ ಬೇರೆ. ಕಾಯಿ ಬಿರಿದೊಡನೆ ಗಾಳಿ ಬಿಸಿಲುಗಳು ತಾಗಿ ಕೋಶದ ನೀರು ಆರುತ್ತದೆ, ಕೋಶವು ಸಾಯುತ್ತದೆ. ಟೊಳ್ಳಾದ ಕೊಳವೆಯು ಚಪ್ಪಟೆಯಾಗಿ, ಒಳಗಿನ ಸುರುಳಿ ಪದರಗಳ ಎಳೆತದಿಂದ ನುಲಿಗೊಳ್ಳುತ್ತದೆ. ಈ ನುಲಿಯಿಂದಲೇ ಎಳೆಗೆ ಎಳೆ ಹತ್ತಿ ನೂಲಾಗುವುದು. ಬೂರುಗದ ಅರಳೆಯು ಹೊಳೆಯುತ್ತದೆ, ಹಗುರಾಗಿದೆ. ಆದರೆ ನುಲಿಯಿಲ್ಲದ ನುಣುಪು ಕೊಳವೆಯಾದುದರಿಂದ ಅದು ದಿಂಬಿಗೆ ಸಲ್ಲುವುದೇ ಹೊರತು ರಾಟೆಗೆ ಸಲ್ಲದು. ಬಲಿಯದ ಹತ್ತಿಯಲ್ಲಿ ಗೋಡೆ ತೆಳು. ಎಳೆಗಳು ಗಂಟಾಗಿ ಸಿಕ್ಕಿಕೊಳ್ಳುವುವು, ಬಣ್ಣವನ್ನೂ ಹಿಡಿಯಲಾರವು. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಯಂಥ ಬಣ್ಣದ ಕೆಲಸದಲ್ಲಿ ಇಂಥ ನೂಲು ಸೇರಿದರೆ ಬಣ್ಣದ ನಡುವೆ ಬಿಳಿಯ ಚುಕ್ಕೆಗಳು ಕಣ್ಣಿಗೆ ಚುಚ್ಚುವುವು.

ಎಳೆಯ ಉದ್ದವೂ ನಯವೂ ಎಷ್ಟಾಗಬಹುದೆಂಬುದು ಕೋಶಕೇಂದ್ರದ ಬರೆಹಕ್ಕೆ ಸೇರಿದ್ದು. ನಮ್ಮ ಜಯಧರ ಹತ್ತಿಯ ಜಾತಿಗೆ ೨೬ ವರ್ಣತಂತುಗಳು. ಅಮೇರಿಕನ್ ಜಾತಿಗೆ ೫೨. ಧಾರವಾಡದಲ್ಲಿ ದುಡಿದ ಬಿ. ಎಚ್. ಕಾತರಕಿಯವರು ಅಮೇರಿಕನ್ ಜಾತಿಗೂ ಅದರಂತೆಯೇ ೫೨ ವರ್ಣತಂತುಗಳುಳ್ಳ ಬಾರ್ಬಡೆನ್ಸ್ ಜಾತಿಗೂ ಸಂಕರ ಮಾಡಿ, ೧೯೭೨ರಲ್ಲಿ ವರಲಕ್ಷ್ಮಿಯೆಂಬ ನೀಳ ಎಳೆಯ ತಳಿಯನ್ನು ನಾಡಿಗೆ ಕೊಟ್ಟರು. ಎರಡು ಮನೆತನಗಳ ದಪ್ತರಗಳು ಒಂದೇ ಕೋಶದಲ್ಲಿ ಕೂಡಿದುದರ ಫಲವದು. ಆದರೆ ದಪ್ತರದಲ್ಲಿ ಎಷ್ಟೇ ಸಿರಿ ಬರೆದಿರಲಿ, ಗೋಡೆ ಕಟ್ಟುವ ವಾರಗಳಲ್ಲಿ ತೇವ, ಎಲೆ, ಬಿಸಿಲು ಒದಗದಿದ್ದರೆ ಬರೆದುದು ಬರೆದಂತೆಯೇ ಉಳಿಯುವುದು.

ಇದರಿಂದ ಒಕ್ಕಲು ಮನೆಯವರು ತಿಳಿಯಬೇಕಾದುದು ಸರಳವಾಗಿದೆ. ಹೂವು ಬಿಟ್ಟ ದಿನದಿಂದ ವಾರಗಳನ್ನು ಎಣಿಸಬೇಕು. ಮೂರನೆಯ ವಾರದ ಮೇಲೆ ಎಲೆಯನ್ನು ಹುಳುವಿನಿಂದ ಕಾಯುವುದು ಎಳೆಯನ್ನೇ ಕಾದಂತೆ. ಮಲಪ್ರಭೆಯ ಕಾಲುವೆಯಿಂದಲೋ ಕೃಷಿಹೊಂಡದಿಂದಲೋ ಒಂದು ನೀರು ಕೊಡುವ ಅನುಕೂಲವಿದ್ದರೆ ಆಗ ಕೊಡುವುದು ಲೇಸು. ಅರೆಬಿರಿದ ಕಾಯನ್ನು ಅವಸರದಿಂದ ಬಿಡಿಸಬಾರದು. ಬಿಡಿಸಿದ್ದನ್ನು ಬಲಿತ ಹತ್ತಿಯೊಡನೆ ಬೆರೆಸಬಾರದು, ಏಕೆಂದರೆ ಒಂದು ಬುಟ್ಟಿಯ ದೋಷಕ್ಕೆ ಇಡಿಯ ಹೊರೆಯ ಬೆಲೆ ಇಳಿಯುವುದು.

ಕೋಶದ ಬಾಳು ಐವತ್ತು ಅರುವತ್ತು ದಿನಗಳದು. ಅಷ್ಟರಲ್ಲಿ ಅದು ತನಗಾಗಿ ಕಟ್ಟಿದ ಗೋಡೆ ಮಾತ್ರ ಅದರ ಹಿಂದೆ ಉಳಿಯುವುದು. ಒಳಗಿನ ಒಲೆ, ಹಂಡೆ, ದಪ್ತರ, ಆಳುಗಳೆಲ್ಲ ಒಣಗಿ ತೀರುವುವು. ಆ ಬರಿಗೋಡೆಯನ್ನೇ ನೂತು ನಾವು ತೊಟ್ಟಿಲ ಮಗುವಿಗೆ ಹೊದಿಸುತ್ತೇವೆ, ಮುದುಕರ ಮೈಗೆ ಸುತ್ತುತ್ತೇವೆ. ಮೈಮೇಲಿನ ಅರಿವೆ ಎಷ್ಟು ಕಾಲ ಬಾಳುವುದೆಂಬುದು, ಹೊಲದಲ್ಲಿ ಕಣ್ಣಿಗೆ ಕಾಣದೆ ನಡೆದ ಆ ಕೆಲವು ವಾರಗಳ ದುಡಿಮೆಯನ್ನು ಅವಲಂಬಿಸಿದೆ.