ನಮ್ಮ ದೇವಡಿಯ ಬಾಗಿಲು

ಮನೆಯ ಯೋಗ್ಯತೆಯನ್ನು ಬಾಗಿಲಿನಿಂದ ಅಳೆಯುವ ರೂಢಿಯು ನಮ್ಮ ನಾಡಿನಲ್ಲಿ ಮಾತ್ರವೇ ಇರುವದೆಂದು ತಿಳಿಯಬಾರದು. ಚೀನ ದೇಶದಲ್ಲಿ ಸರಿಸಮಾನವಾದ ಬೀಗತನಕ್ಕೆ ಬಾಗಿಲು ಬಾಗಿಲಿಗೆ ಹೊಂದಿತೆಂದೇ ಹೇಳುವರು. ಅಲ್ಲಿಯ ಶೀದಿ, ಹೊಂಗ್‌ತ್ಸುನ್ ಎಂಬ ಹಳೆಯ ಗ್ರಾಮಗಳನ್ನು ಯುನೆಸ್ಕೋ ಸಂಸ್ಥೆಯು 2000ದಲ್ಲಿ ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಗನೊಳ್ಳಿಯ ನಮ್ಮ ದೇವಡಿಗೆ ಅಂಥ ಕೀರ್ತಿಯಿಲ್ಲ. ಆದರೂ ಅದು ಉಳಿದುಬಂದ ಸಂಗತಿಯನ್ನು ವಾಚಕರಿಗೆ ಅರಿಕೆ ಮಾಡಬೇಕೆನಿಸುತ್ತದೆ.

ದೇವಡಿಯೆಂದರೆ ವಾಡೆಯ ಮುಂಬಾಗಿಲಿನ ಕಟ್ಟಡ. ಸಾಗವಾನಿಯ ಎರಡು ಕದಗಳು, ಅವುಗಳ ಮೇಲೆ ಕಬ್ಬಿಣದ ಮೊಳೆಗಳ ಸಾಲು. ಒಂದು ಕದದಲ್ಲಿ ಒಬ್ಬನೇ ಬಾಗಿ ನುಸುಳುವಷ್ಟು ದಿಂಡಿಬಾಗಿಲು. ಒಳಗೆ ಎರಡೂ ಮಗ್ಗುಲಿಗೆ ಕಟ್ಟೆಗಳು. ದೊಡ್ಡ ಕದಗಳನ್ನು ತೆರೆಯುತ್ತಿದ್ದುದು ಮದುವೆಯ ದಿಬ್ಬಣಕ್ಕೆ, ಸುಗ್ಗಿಯ ಬಂಡಿಗೆ, ಮನೆಯ ಹಿರಿಯರ ಕೊನೆಯ ಪಯಣಕ್ಕೆ. ಉಳಿದ ದಿನಗಳಲ್ಲಿ ದಿಂಡಿಯೇ ಸಾಕು. “ಕಳ್ಳನಾದರೂ ಮೊದಲು ತಲೆಯನ್ನೇ ಒಪ್ಪಿಸಬೇಕು” ಎಂದು ನಮ್ಮ ಅಜ್ಜನವರು ನಗುತ್ತಿದ್ದರು.

ಆ ಕಾಲಕ್ಕೆ ಅಂಥ ಭದ್ರತೆಯು ಬೇಕೇ ಇದ್ದಿತು. ನೆರೆಯ ನಿಪ್ಪಾಣಿಯಲ್ಲಿ ದಂಡು ಕಟ್ಟಿ ಆಳಿದ ನಿಂಬಾಳ್ಕರ ದೇಸಾಯರ ಸಂಸ್ಥಾನವು 1839ರಲ್ಲಿ ಇಂಗ್ಲಿಷರ ಪಾಲಾಯಿತು. ಮುಂದೆ ಮುಂಬಯಿ ಸರಕಾರದ 1950ರ ಕಾಯದೆಯಿಂದ ಕುಲಕರ್ಣಿ ವತನಗಳು ರದ್ದಾದವು. ನಮ್ಮ ಮನೆತನದ್ದೂ ಅದರೊಡನೆ ಹೋಯಿತು. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟಾದರೂ ಬಾಗಿಲು ನಿಂತೇ ಇತ್ತು.

ಅದಕ್ಕೆ ಗಂಡಾಂತರ ಬಂದದ್ದು ನಾವು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ. ಹಳೆಯ ಕಟ್ಟಿಗೆಯ ವ್ಯಾಪಾರಿಯೊಬ್ಬನು ಬಂದು, ಯಾವದೋ ಪಟ್ಟಣದ ಹೊಟೇಲಿನ ಅಲಂಕಾರಕ್ಕೆಂದು ಒಳ್ಳೆಯ ಬೆಲೆ ಹೇಳಿದನು. ನಾನು ಮನೆತನದ ಮಾನದ ಮಾತೆತ್ತಿದೆನು. ಆಗ ಅಣ್ಣನು, “ಯಾವ ಮಾನ? ನಮ್ಮ ಹೊಲದಲ್ಲಿ ದುಡಿದವರು ಇದೇ ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತು ಕಾಳು ಒಯ್ದದ್ದನ್ನು ಮರೆತೆಯಾ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಚಿಕ್ಕವನಾಗಿ ಕಟ್ಟೆಯ ಮೇಲೆ ಕುಳಿತು ನಾನೇ ಅದನ್ನು ಕಂಡಿದ್ದೆನು.

ಅಡಿಗೆಮನೆಯಿಂದ ಹೊರಗೆ ಬಂದ ಅತ್ತಿಗೆಯವರು, “ಬಾಗಿಲಾ ಮಾರಿದ್ರ ಆ ಋಣ ತೀರತದೇನು? ಇಟ್ಕೋರಿ, ಆದರ ತೆರದಿಡ್ರಿ” ಎಂದರು. ವ್ಯಾಪಾರಿಯು ಬರಿಗೈಯಿಂದ ಹೋದನು.

ಗೆದ್ದಲು ಹಿಡಿದ ಹೊಸ್ತಿಲನ್ನು ಬದಲಿಸಿ, ಗೋಡೆಗೆ ಸುಣ್ಣ ಬಳಿದು, ಕಟ್ಟೆಗಳ ಮೇಲೆ ಓಣಿಯ ಮಕ್ಕಳಿಗೆ ಸಂಜೆಯ ಪಾಠವನ್ನು ಆರಂಭಿಸಿದೆವು. ಮೊದಲನೆಯ ದಿನ, ನಮ್ಮ ಹೊಲದಲ್ಲಿ ಬಹುಕಾಲ ದುಡಿದ ಮುದುಕನೊಬ್ಬನು ಮೊಮ್ಮಗಳನ್ನು ಕರೆತಂದು, ರೂಢಿಯಂತೆ ಹೊರಗೇ ನಿಂತನು. ಅಣ್ಣನು ಕೆಳಗಿಳಿದು ಹೋಗಿ ಅವನ ಕೈ ಹಿಡಿದನು. ಎರಡೂ ಕದಗಳು ತೆರೆದಿದ್ದವು. ಆದರೂ ಅವನು ತಲೆ ತಗ್ಗಿಸಿಯೇ ಒಳಗೆ ಬಂದನು. ಮೊಮ್ಮಗಳು ಮಾತ್ರ ಅವನಿಗಿಂತ ಮೊದಲೇ ಒಳಗೆ ಓಡಿ, ಕಟ್ಟೆಯನ್ನೇರಿ ಕುಳಿತು ಪಾಟಿಯನ್ನು ಬಿಚ್ಚಿದ್ದಳು.