ಕಾಲಿನ ಲೆಕ್ಕ

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ರಸೀದಿಯಿಲ್ಲದ ಒಂದು ರೂಪಾಯಿಯನ್ನೂ ಒಪ್ಪದವನೆಂದು ಬೆಂಗಳೂರಿನ ನನ್ನ ಪರಿಚಿತರಲ್ಲಿ ಸ್ವಲ್ಪ ಅಪಖ್ಯಾತಿಯೂ ಉಂಟು. ಆದರೆ ನನ್ನದೊಂದು ಹವ್ಯಾಸದ ವಿಷಯದಲ್ಲಿ ಮಾತ್ರ ಅನೇಕ ವರ್ಷ ನಾನು ಯಾವ ರಸೀದಿಯನ್ನೂ ಕೇಳಿರಲಿಲ್ಲ. ಆ ಹವ್ಯಾಸವೆಂದರೆ ಮೋಟಾರು ಪಂದ್ಯ.

ವಾಚಕರು ಗಾಬರಿಪಡಬೇಕಾಗಿಲ್ಲ; ನಾನು ಪಂದ್ಯಶೂರನಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಗೆ ಹೋಗಿ, 1990ರಲ್ಲಿ ತೆರೆದ ಅಲ್ಲಿನ ಪಂದ್ಯಪಥದಲ್ಲಿ, ನನ್ನಂತಹ ಹವ್ಯಾಸಿಗಳೊಡನೆ ನನ್ನ ಸಾಮಾನ್ಯ ಕಾರನ್ನು ಓಡಿಸಿ ಬರುವವನು, ಅಷ್ಟೆ. ಒಂದು ಸುತ್ತು ಸುಮಾರು 3.7 ಕಿಲೋಮೀಟರ್, ತಿರುವುಗಳು 12. ನನಗೆ ಸುತ್ತೊಂದಕ್ಕೆ 2 ನಿಮಿಷ 19 ಸೆಕೆಂಡು ಹಿಡಿಯುತ್ತಿತ್ತು. ಏನು ಮಾಡಿದರೂ ಅದು ಕಡಮೆಯಾಗಲೊಲ್ಲದು. ಟೈರು ಸವೆದಿದೆ, ಬಿಸಿಲು ಹೆಚ್ಚು, ಮುಂದಿನವನು ದಾರಿ ಬಿಡಲಿಲ್ಲ. ಇದು ನಾನು ಮನೆಯಲ್ಲಿ ಒಪ್ಪಿಸುತ್ತಿದ್ದ ವರದಿ. "ಭಯವೆಂಬುದು ನನ್ನ ಜಾತಕದಲ್ಲೇ ಇಲ್ಲ" ಎಂಬುದು ಆ ವರದಿಯ ಕೊನೆಯ ವಾಕ್ಯ.

ಇಂಜಿನಿಯರಿಂಗ್ ಓದುತ್ತಿರುವ ಮಗಳು ಕಳೆದ ವರ್ಷ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಪೆಟ್ಟಿಗೆಯನ್ನು ತರಿಸಿ ಕಾರಿನಲ್ಲಿ ಕೂರಿಸಿದಳು. ಡೇಟಾ ಲಾಗರ್ ಎಂದು ಅದರ ಹೆಸರು. ಉಪಗ್ರಹಗಳ ಸಂಕೇತ ಹಿಡಿದು, ಕಾರು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಅದು ಸೆಕೆಂಡಿಗೆ 10 ಸಲ ಬರೆದಿಡುತ್ತದೆ. ಮೊಬೈಲ್ ಫೋನು ಸಾಮಾನ್ಯವಾಗಿ ಸೆಕೆಂಡಿಗೆ ಒಮ್ಮೆ ಮಾತ್ರ ಬರೆಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಅಷ್ಟರೊಳಗೆ 28 ಮೀಟರ್ ದಾಟಿರುತ್ತದೆ. ಈ ಪೆಟ್ಟಿಗೆಯೋ ಅದೇ ವೇಗದಲ್ಲಿ ಮೂರು ಮೀಟರಿನೊಳಗೊಮ್ಮೆ ಹಾಜರಿ ಹಾಕುತ್ತದೆ. ಕಾರಿನ ಗಣಕಕ್ಕೆ ತಂತಿ ಜೋಡಿಸಿದರೆ ಆಕ್ಸಿಲರೇಟರನ್ನು ಎಷ್ಟು ಅದುಮಿದ್ದೆವೆಂಬುದೂ ದಾಖಲೆಯಾಗುತ್ತದೆ.

ಚೆನ್ನೈಯಿಂದ ಹಿಂದಿರುಗಿದ ರಾತ್ರಿ, ಊಟವಾದ ಮೇಲೆ, ಮಗಳು ನನ್ನ ಸುತ್ತುಗಳ ವೇಗವನ್ನು ಒಂದರ ಮೇಲೊಂದು ಗೆರೆಯಾಗಿ ಪರದೆಯ ಮೇಲೆ ತೋರಿಸಿದಳು. ನೇರ ಹಾದಿಯಲ್ಲಿ ಗೆರೆ ಏರುತ್ತದೆ, ತಿರುವು ಬಂದಾಗ ಕಡಿದಂತೆ ಇಳಿಯುತ್ತದೆ. ಒಂದು ಬಲತಿರುವಿನ ಮುಂದೆ ಮಾತ್ರ, ಎಲ್ಲ ಸುತ್ತುಗಳಲ್ಲಿಯೂ, ಅದು ಮೊದಲು ಸೋತು ಬಾಗಿ ಆಮೇಲೆ ಇಳಿದಿತ್ತು.

"ಅಪ್ಪ, ಇಲ್ಲಿ ಗಂಟೆಗೆ 130 ಕಿಲೋಮೀಟರ್ ವೇಗ. 0.8 ಸೆಕೆಂಡು ನಿಮ್ಮ ಕಾಲು ಆಕ್ಸಿಲರೇಟರಿನ ಮೇಲೂ ಇಲ್ಲ, ಬ್ರೇಕಿನ ಮೇಲೂ ಇಲ್ಲ. 29 ಮೀಟರ್ ಸುಮ್ಮನೆ ಉರುಳಿದ್ದೀರಿ. ಇಲ್ಲಿ ನಿಮಗೆ ಭಯವೇ?"

ಬಟ್ಟೆ ಮಡಿಸುತ್ತಿದ್ದ ನನ್ನಾಕೆ ತಲೆಯೆತ್ತಿದಳು.

ಇನ್ನು ಮುಚ್ಚಿಡುವಂತಿರಲಿಲ್ಲ. ಮೂರು ವರ್ಷದ ಹಿಂದೆ ಅದೇ ತಿರುವಿಗೆ ಅತಿವೇಗದಿಂದ ನುಗ್ಗಿದ್ದೆ. ನಡುವೆ ಹೆದರಿ ಥಟ್ಟನೆ ಕಾಲು ತೆಗೆದೆ. ಭಾರವೆಲ್ಲ ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳ ಹಿಡಿತ ತಪ್ಪಿ, ಕಾರು ಎರಡು ಸಲ ಗಿರ್ರನೆ ತಿರುಗಿ ಪಥದಾಚೆ ಹೋಗಿ ನಿಂತಿತ್ತು. ಮೈಗೆ ಗೀರೂ ಆಗಲಿಲ್ಲವಾದ್ದರಿಂದ ಮನೆಯಲ್ಲಿ ಹೇಳಲಿಲ್ಲ. ಮರೆತೆನೆಂದೇ ತಿಳಿದಿದ್ದೆ. ನನ್ನ ಕಾಲು ಮರೆತಿರಲಿಲ್ಲ.

"ಮೂರು ವರ್ಷ ನನಗೆ ಸುಳ್ಳು ಲೆಕ್ಕ ಒಪ್ಪಿಸಿದಿರಿ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಕಾಫಿ ಲೋಟವನ್ನು ಮುಂದಿಟ್ಟು ಕೇಳಿದಳು: "ಆ ತಿರುವನ್ನು ಕ್ಷೇಮವಾಗಿ ದಾಟುವುದು ಹೇಗೆಂದು ಆ ಪೆಟ್ಟಿಗೆ ಹೇಳುತ್ತದೆಯೇ?"

ಪೆಟ್ಟಿಗೆ ಎಲ್ಲಿ ತಪ್ಪಿದೆಯೆಂದು ತೋರಿಸುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಉಪಾಯವನ್ನು ಮಗಳೂ ನಾನೂ ಕೂತು ಗೊತ್ತುಮಾಡಿದೆವು. ತಿರುವಿನವರೆಗೂ ಕಾಲಿಗೆ ಬಿಡುವು ಕೊಡಬಾರದು. ಹಾದಿ ನೇರವಾಗಿರುವಾಗಲೇ ಒಮ್ಮೆ ಗಟ್ಟಿಯಾಗಿ ಬ್ರೇಕು ಹಾಕಿ, ಸ್ಟಿಯರಿಂಗ್ ತಿರುಗಿಸುತ್ತ ಮೆಲ್ಲಗೆ ಬಿಟ್ಟು, ಹೊರಬರುವಾಗ ಬೇಗನೆ ಆಕ್ಸಿಲರೇಟರಿಗೆ ಹಿಂದಿರುಗಬೇಕು. ಹೊರಬರುವ ವೇಗದ ಲಾಭ ಮುಂದಿನ ನೇರ ಹಾದಿಯುದ್ದಕ್ಕೂ ದೊರೆಯುತ್ತದೆ. 400 ಮೀಟರ್ ಹಾದಿಯಲ್ಲಿ ಸರಾಸರಿ ವೇಗ ಗಂಟೆಗೆ 125ರಿಂದ 129 ಕಿಲೋಮೀಟರಿಗೆ ಏರಿದರೆ ಸುಮಾರು 0.36 ಸೆಕೆಂಡು ಉಳಿತಾಯ. ಇದಕ್ಕೆ ವಿಶೇಷ ಧೈರ್ಯವೇನೂ ಬೇಕಾಗಿಲ್ಲವೆಂಬುದೇ ನನಗಾದ ಆಶ್ಚರ್ಯ.

ಮುಂದಿನ ಸಲ ಬೇರೇನನ್ನೂ ಬದಲಿಸದೆ ಆ ಒಂದು ತಿರುವನ್ನಷ್ಟೇ ಅಭ್ಯಾಸಮಾಡಿದೆ. ಮೊದಲ ಸುತ್ತುಗಳಲ್ಲಿ ಕಾಲು ತಾನಾಗಿಯೇ ಎದ್ದಿತು. ಕಾಲು ತೆಗೆಯುವ ಜಾಗವನ್ನು ಐದೈದು ಮೀಟರ್ ಮುಂದಕ್ಕೆ ತಳ್ಳುತ್ತ ಹೋದೆ. ಸಂಜೆಯ ವೇಳೆಗೆ ಅಲ್ಲಿಯೂ ಗೆರೆ ಬಾಗದೆ ಇಳಿಯಿತು. ಸುತ್ತಿನ ಅವಧಿ 2 ನಿಮಿಷ 18.2 ಸೆಕೆಂಡಿಗೆ ಬಂತು. ಈ 0.8 ಸೆಕೆಂಡಿಗಾಗಿ ಇಷ್ಟು ದೂರದ ಪ್ರಯಾಣವೇ ಎಂದು ಯಾರಾದರೂ ನಕ್ಕರೆ ನಗಲಿ.

ಮನೆಗೆ ಬಂದವನೇ ಚಪ್ಪಲಿ ಬಿಡುತ್ತ, ಉತ್ಸಾಹದಿಂದ ವರದಿ ಆರಂಭಿಸಿದೆ. ನನ್ನಾಕೆ ಕನ್ನಡಕ ಹಾಕಿಕೊಂಡು ಮಗಳ ಪಕ್ಕದಲ್ಲಿ ಆಗಲೇ ಕುಳಿತಿದ್ದಳು.

"ಮೊದಲು ಗೆರೆ ತೋರಿಸಿ" ಎಂದಳು. "ಕಥೆ ಆಮೇಲೆ."