ಗಾಲಿಮನೆಗೆ ಪತ್ತನಾಜೆ

ಬೇಶ ತಿಂಗಳ 10ನೆಯ ದಿನ, ಮೇ 24ರ ಆಸುಪಾಸಿಗೆ ಬೀಳುವ ಪತ್ತನಾಜೆಯಂದು, ತುಳುನಾಡಿನ ದೈವಗಳ ಕೋಲಗಳು ನಿಂತು, ಜಾತ್ರೆಗಳ ಗದ್ದಲವಡಗಿ, ದೀಪಾವಳಿಯ ಬಳಿಕ ಹೊರಟು ಊರೂರು ಸುತ್ತಿದ ಯಕ್ಷಗಾನ ಮೇಳಗಳ ಕಲಾವಿದರು ಕಾಲಿನ ಗೆಜ್ಜೆಯನ್ನು ಬಿಚ್ಚಿ ದೇವರ ಸನ್ನಿಧಿಯಲ್ಲಿರಿಸಿ, ವೇಷದ ಪೆಟ್ಟಿಗೆಗಳನ್ನು ಮುಚ್ಚಿ ಮನೆಗೆ ಮರಳುತ್ತಾರೆ. ಲಾಯಿಲದ ನಮ್ಮ ಹಿತ್ತಿಲಲ್ಲಿ ಈ ಕಟ್ಟಳೆಗೆ ಒಳಪಟ್ಟ ಇನ್ನೊಂದು ಸಂಚಾರಿಯಿದೆ. ಅದು ಒಂದು ವೃದ್ಧ ಮೆಟಡೋರ್ ವ್ಯಾನು; ಒಳಗೆ ಮಡಚುವ ಮಂಚ, ಪುಟ್ಟ ಒಲೆ, ನೀರಿನ ತೊಟ್ಟಿ, ಪುಸ್ತಕಕ್ಕೊಂದು ಗೂಡು; ಚಳಿಗಾಲವಿಡೀ ಚಾರ್ಮಾಡಿಯ ಘಾಟಿಯೇರಿ ಬಯಲುಸೀಮೆಯಲ್ಲಿ ಅಲೆದು ಬರುವ ನಮ್ಮ ಗಾಲಿಮನೆ.

ಈ ಅಲೆದಾಟದ ಸುಖವನ್ನು ಬಣ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಅಲೆದು ಬಂದ ವಾಹನವನ್ನು ಮಳೆಗಾಲಕ್ಕೆಂದು ಮುಚ್ಚಿಡುವ ಸುಖವಾದರೋ, ಅದಕ್ಕಿಂತ ನಿಧಾನವೂ ಸೂಕ್ಷ್ಮವೂ ಆದುದು, ಮತ್ತು ನನ್ನ ಮಟ್ಟಿಗೆ ಅದಕ್ಕಿಂತ ಹಿರಿದು.

ಶೀತದೇಶಗಳಲ್ಲಿ ಇಂತಹ ವಾಹನಗಳನ್ನು ಮುಚ್ಚಿಡುವುದು ಹಿಮದ ಭಯದಿಂದ. ಹೆಪ್ಪುಗಟ್ಟಿದ ನೀರು ಶೇಕಡಾ 9ರಷ್ಟು ಹಿಗ್ಗಿ ಕೊಳವೆಗಳನ್ನು ಸೀಳಿಬಿಡುವುದರಿಂದ, ಅಲ್ಲಿನವರು ತೊಟ್ಟಿಯನ್ನು ಬರಿದುಮಾಡಿ ಹೆಪ್ಪುಗಟ್ಟದ ದ್ರವವನ್ನು ತುಂಬುತ್ತಾರೆ. ನಮ್ಮ ಶತ್ರುವಿಗೆ ಅಷ್ಟು ಆರ್ಭಟವಿಲ್ಲ. ಪಶ್ಚಿಮಘಟ್ಟದ ಬುಡದಲ್ಲಿ ವರುಷದ ಮಳೆಯೆಲ್ಲ ಬಹುಮಟ್ಟಿಗೆ ನಾಲ್ಕೇ ತಿಂಗಳಲ್ಲಿ ಸುರಿಯುವಾಗ, ಛಾವಣಿಯಿಂದ ಒಂದು ಹನಿಯೂ ಸೋರದಿದ್ದರೂ, ಗಾಳಿಯಲ್ಲೇ ನೆಲಸಿದ ತೇವವು ಚರ್ಮದ ಚೀಲಕ್ಕೆ ಹಸುರು ಬೂಷ್ಟನ್ನೂ ಕಬ್ಬಿಣಕ್ಕೆ ಕೆಂಪು ತುಕ್ಕನ್ನೂ ಸದ್ದಿಲ್ಲದೆ ಹಚ್ಚುತ್ತದೆ. ನಾವೂ ತೊಟ್ಟಿಯನ್ನು ಬರಿದುಮಾಡುತ್ತೇವೆ. ಆದರೆ ಬರಿದುಮಾಡಿ ಬಿಟ್ಟರೆ ಸಾಲದು, ಮೇ ತಿಂಗಳ ಉರಿಬಿಸಿಲಿಗೆ ಅದರ ಬಾಯಿಯನ್ನು ತೆರೆದಿಟ್ಟು ಒಣಗಿಸಬೇಕು.

ಹಾಸಿಗೆ ದಿಂಬುಗಳು ಮೊದಲು ಇಳಿಯುತ್ತವೆ. ಅಂಗಳದಲ್ಲಿ ಒಣಗಿದ ಅಡಿಕೆ ಒಳಸೇರಿದ ಬಳಿಕ ತೆರವಾದ ಜಾಗದಲ್ಲಿ ಅವು ಎರಡು ದಿನ ಬಿಸಿಲು ಕಾದು, ಲಾವಂಚದ ಬೇರನ್ನು ಮಡಿಕೆಗಳಲ್ಲಿ ಇರಿಸಿಕೊಂಡು, ಅಡುಗೆಮನೆಯ ಮೇಲಣ ಅಟ್ಟವನ್ನೇರಿ ಹಲಸಿನ ಹಪ್ಪಳದ ಡಬ್ಬಗಳ ನೆರೆಯಲ್ಲಿ ಹೊಗೆಯ ಬೆಚ್ಚನೆಗೆ ಮಳೆಗಾಲ ಕಳೆಯುತ್ತವೆ.

ಆಮೇಲೆ ನೆಲದ ಹಲಗೆಗಳ ಸರದಿ. ಇಲ್ಲಿ ನಾನು ಹಟವಾದಿ. ಪೇಟೆಯ ಅಂಗಡಿಗಳಲ್ಲಿ ಗೆದ್ದಲಿಗೆ ಬಗೆಬಗೆಯ ಔಷಧಗಳುಂಟು. ಆದರೂ ಪೋರ್ಚುಗೀಸರು ನಮ್ಮ ಕರಾವಳಿಗೆ ತಂದ ಗೇರುಮರದ ಬೀಜದ ಸಿಪ್ಪೆಯಿಂದ ಇಳಿಸಿದ, ಹಿಂದಿನವರು ದೋಣಿಗೂ ಮಾಡಿನ ಪಕಾಸಿಗೂ ಬಳಿಯುತ್ತಿದ್ದ ಆ ಕಪ್ಪು ಗೇರೆಣ್ಣೆಯ ಮುಂದೆ ಅವೆಲ್ಲ ನನಗೆ ನಿನ್ನೆಮೊನ್ನೆಯವಾಗಿಯೇ ತೋರುತ್ತವೆ. ಬರಿಗೈಗೆ ತಾಗಿದರೆ ಬೊಕ್ಕೆಯೇಳಿಸುವಷ್ಟು ಕೋಪಿಷ್ಠವಾದ ಈ ಎಣ್ಣೆಯನ್ನು, ಕೈಗೆ ಚೀಲ ಕಟ್ಟಿಕೊಂಡು, ಹಲಗೆಯ ಸಂದುಸಂದಿಗೂ ತೆಂಗಿನ ನಾರಿನ ಕುಂಚದಿಂದ ತಾಳ್ಮೆಯಾಗಿ ಉಣಿಸುತ್ತ ಹೋದಂತೆ, ಚಳಿಗಾಲವಿಡೀ ಧೂಳು ತುಳಿದು ಬಿಳಿಚಿದ ಮರಕ್ಕೆ ಮರಳಿ ಬರುವ ಆ ಗಾಢವರ್ಣವನ್ನು ಕಣ್ಣಾರೆ ಕಂಡವನಿಗೆ ಬೆನ್ನುನೋವು ನೆನಪಾಗುವುದು ರಾತ್ರಿ ಮಲಗಿದ ಮೇಲೆಯೇ. ಮನೆಯವರಿಗೆ ಮಾತ್ರ ಅದರ ವಾಸನೆ ಮೊದಲೇ ನೆನಪಾಗುತ್ತದೆ.

ಯಂತ್ರದ ಉಪಚಾರವನ್ನು ಬೇಗ ಹೇಳಿ ಮುಗಿಸಬಹುದು. ಹಳೆಯ ಎಣ್ಣೆಯಲ್ಲಿ ಆಮ್ಲಾಂಶ ಸೇರಿರುವುದರಿಂದ ಅದನ್ನು ಬಸಿದು ಹೊಸತನ್ನು ಹೊಯ್ಯಬೇಕು. ಡೀಸೆಲ್ ಟ್ಯಾಂಕಿನಲ್ಲಿ ಬರಿಯ ಗಾಳಿಯಿದ್ದರೆ ಅದರ ತೇವ ಹನಿಗಟ್ಟಿ ತಳ ಸೇರುವುದರಿಂದ ಕಂಠಪೂರ್ತಿ ತುಂಬಿಸಬೇಕು. ಬ್ಯಾಟರಿಯ ಋಣಧ್ರುವವನ್ನು ಮೊದಲು, ಧನಧ್ರುವವನ್ನು ಅನಂತರ ಕಳಚಬೇಕು. ಮುರಕಲ್ಲುಗಳ ಮೇಲೆ ದಪ್ಪ ಹಲಗೆಯಿಟ್ಟು ಅಚ್ಚನ್ನು ಎತ್ತಿ ನಿಲ್ಲಿಸಿದರೆ ಟಯರುಗಳು ಒಂದೇ ಮಗ್ಗುಲಿಗೆ ಚಪ್ಪಟೆಯಾಗವು. ಕೈಬ್ರೇಕನ್ನು ಎಳೆದಿಡಬಾರದು, ತೇವಕ್ಕೆ ಅದು ಕಚ್ಚಿಕೊಂಡಿತೆಂದರೆ ದೀಪಾವಳಿಗೆ ಬಿಡಿಸಲು ಸುತ್ತಿಗೆಯೇ ಬೇಕಾದೀತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ಕಾಣಹೋದಾಗ ಜನರೆಲ್ಲ ಅವುಗಳ ಮೈಬಣ್ಣವನ್ನು ನೋಡುತ್ತಾರೆ; ನಾನು ಬಗ್ಗಿ ಚಕ್ರಗಳನ್ನು ನೋಡುತ್ತೇನೆ.

ಕೊಟ್ಟಿಗೆಯಲ್ಲಿ ಜಾಗ ಹಿಡಿಯುವುದೂ ಒಂದು ರಾಜತಂತ್ರ. ಕೊಳೆರೋಗಕ್ಕೆಂದು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು ಅದೇ ಕೊಟ್ಟಿಗೆಯಲ್ಲಿರುವುದು; ಕಬ್ಬಿಣವನ್ನು ತಿನ್ನುವುದರಲ್ಲಿ ಅದಕ್ಕೆ ಸಮನಾದುದು ವಿರಳ. ಆದುದರಿಂದ ಅದರ ಪೀಪಾಯಿಗಳಿಗೂ ವ್ಯಾನಿಗೂ ನಡುವೆ ಸೌದೆಯ ರಾಶಿಯನ್ನೇ ಗಡಿಯಾಗಿ ಪೇರಿಸುತ್ತೇನೆ. ಮೇಲೆ ಹೊದಿಸುವ ಟರ್ಪಾಲನ್ನು ಬಿಗಿದು ಕಟ್ಟುವವರ ವಿವೇಕದ ವಿಷಯದಲ್ಲಿ ನನಗೆ ಸಂಶಯವಿದೆ. ಮಳೆ ತಡೆದರೂ ಅದು ಒಳಗಿನ ಉಸಿರನ್ನು ಕಟ್ಟುತ್ತದೆ. ಗಾಳಿಯಾಡುವಂತೆ ಕೋಲುಗಳ ಮೇಲೆ ಸಡಿಲವಾಗಿ ಹರಡಿ, ಬೇಕೆಂದಾಗ ಜಾರಿಸುವ ಗಂಟು ಹಾಕಬೇಕು. ಏಕೆಂದರೆ ಆಟಿ ತಿಂಗಳಿನಲ್ಲಿ, ವಾರಗಟ್ಟಲೆ ಸುರಿದ ಮಳೆಯ ನಡುವೆ ಫಕ್ಕನೆ ಗಡಾಯಿಕಲ್ಲಿನ ಬಂಡೆ ಮೋಡದಿಂದ ಹೊರಬಂದು ಹೊಳೆಯುವ ದಿನವೊಂದಿರುತ್ತದೆ. ಆನೆಯ ಬೆನ್ನನ್ನೂ ಒಡೆಯುವುದೆಂದು ತುಳುವರು ಹೇಳುವ ಆ ಬಿಸಿಲು ಎರಡು ಗಳಿಗೆಯಾದರೂ ಸರಿ, ಹೊದಿಕೆ ಸರಿಸಿ ಬಾಗಿಲುಗಳನ್ನೆಲ್ಲ ಹಾರುಹೊಡೆದು, ಮೂಲೆಯಲ್ಲಿಟ್ಟ ಇದ್ದಿಲ ಬುಟ್ಟಿಯನ್ನು ಬದಲಿಸಿ, ಒಳಗೆ ಕುಳಿತು ಒಂದು ಲೋಟ ಕಾಫಿ ಕುಡಿಯುವುದು ಈ ವ್ರತದ ಮಧ್ಯದ ಪಾರಣೆ.

ಕೊನೆಯದಾಗಿ ಕನ್ನಗಳು. ಕುಂಬಾರಹುಳಕ್ಕೆ ಯಾವ ಸಣ್ಣ ಕೊಳವೆಯಾದರೂ ಮನೆಗಟ್ಟುವ ನಿವೇಶನ. ಇಲಿಗೆ ಗಾಳಿ ಸೋಸುವ ಪೆಟ್ಟಿಗೆಯೆಂದರೆ ಹೆರಿಗೆಯ ಕೋಣೆ. ಹಳೆಯ ಲುಂಗಿಯ ಚೂರುಗಳನ್ನು ಉಂಡೆಕಟ್ಟಿ ಹೊಗೆಕೊಳವೆಗೂ ಗಾಳಿದಾರಿಗೂ ತುರುಕಿ, ಯಾವ ಯಾವ ರಂಧ್ರಕ್ಕೆ ಬಟ್ಟೆ ಸೇರಿತೆಂಬುದನ್ನೂ, ತೆಗೆಯಬೇಕಾದ ಕ್ರಮವನ್ನೂ ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಸ್ಟೀರಿಂಗಿಗೆ ಕಟ್ಟುತ್ತೇನೆ. ಕಾರ್ತಿಕದಲ್ಲಿ ಹೊರಡುವ ಆತುರದಲ್ಲಿ ಮನುಷ್ಯನ ಜ್ಞಾಪಕಶಕ್ತಿಯನ್ನು ನೆಚ್ಚುವಂತಿಲ್ಲ. ಬಾಯಿಕಟ್ಟಿದ ಎಂಜಿನಿನ ಮುಂದೆ ನಿಂತು ಇಡೀ ಊರು ಕೊಡುವ ಸಲಹೆಗಳನ್ನು ಕೇಳುವುದಕ್ಕಿಂತ ಚೀಟಿ ಓದುವುದು ಸುಲಭ.